ಎರಡು ಗೇಣಿನ ಕಾಮನಬಿಲ್ಲು

ಸಂಜೆ ಮಳೆ ಹೊಳವಾಗಿ ಪಡುವಣದಲ್ಲಿ ಬಿಸಿಲು ಇಣುಕಿದೊಡನೆ ಮೂಡಣದ ಕಡೆ ತಿರುಗಿ ನಿಲ್ಲಿ. ಅತ್ತ ಇನ್ನೂ ಮಳೆ ಸುರಿಯುತ್ತಿದ್ದರೆ ಕಾಮನಬಿಲ್ಲು ಕಾಣುವ ಸಾಧ್ಯತೆ ಹೆಚ್ಚು. ಕಂಡರೆ ನಿಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆ ನೋಡಿಕೊಳ್ಳಿ. ತೋಳನ್ನು ಪೂರ್ತಿ ಚಾಚಿ, ಆ ನೆರಳಿನಿಂದ ಬಿಲ್ಲಿನವರೆಗೆ ಗೇಣು ಹಾಕಿ. ಯಾವ ದಿಕ್ಕಿಗೆ ಅಳೆದರೂ ಸುಮಾರು ಎರಡು ಗೇಣು. ಮಕ್ಕಳು ಅಳೆದರೂ ಅಷ್ಟೇ. ಅವರ ಗೇಣು ಚಿಕ್ಕದಾದರೆ ತೋಳೂ ಚಿಕ್ಕದು. ಚಾಚಿದ ಕೈಯ ಒಂದು ಗೇಣೆಂದರೆ ಸುಮಾರು 20 ಡಿಗ್ರಿ. ಕಾಮನಬಿಲ್ಲಿನ ಗುಟ್ಟು ಇರುವುದು ಈ ಅಳತೆಯಲ್ಲೇ.

ಬಿಸಿಲಿನ ಕಿರಣ ಮಳೆಹನಿಯೊಳಗೆ ನುಗ್ಗುವಾಗ ಬಾಗುತ್ತದೆ. ಇದೇ ವಕ್ರೀಭವನ. ಬಿಳಿ ಬೆಳಕಿನಲ್ಲಿ ಬೆರೆತಿರುವ ಬಣ್ಣಗಳು ಒಂದೇ ಸಮನೆ ಬಾಗುವುದಿಲ್ಲ. ಕೆಂಪು ಎಲ್ಲಕ್ಕಿಂತ ಕಡಿಮೆ, ನೇರಳೆ ಎಲ್ಲಕ್ಕಿಂತ ಹೆಚ್ಚು. ಹೀಗೆ ಬೇರ್ಪಟ್ಟ ಬೆಳಕಿನ ಒಂದಂಶ ಹನಿಯ ಹಿಂಗೋಡೆಗೆ ಬಡಿದು ಪ್ರತಿಫಲಿಸಿ, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ. ಹನಿಯ ಬೇರೆಬೇರೆ ಜಾಗಕ್ಕೆ ಬಿದ್ದ ಕಿರಣಗಳು ತಾವು ಬಂದ ದಾರಿಗೆ ಬೇರೆಬೇರೆ ಕೋನದಲ್ಲಿ ಮರಳುತ್ತವೆ. ಆದರೆ ಹೀಗೆ ಒಮ್ಮೆ ಪ್ರತಿಫಲಿಸಿದ ಕೆಂಪು ಕಿರಣ ಸುಮಾರು 42 ಡಿಗ್ರಿಯನ್ನು ಮೀರಲಾರದು. ಆ ಗಡಿಯಲ್ಲೇ ಕಿರಣಗಳು ಒತ್ತಾಗಿ ಸೇರುತ್ತವೆ. ನೇರಳೆಯ ಗಡಿ ಸುಮಾರು 40 ಡಿಗ್ರಿ. ಫ್ರಾನ್ಸಿನ ಡೆಕಾರ್ಟ್ ಒಂದೊಂದೇ ಕಿರಣದ ದಾರಿಯನ್ನು ಲೆಕ್ಕಹಾಕಿ ಈ ಗಡಿಯನ್ನು 1637ರಲ್ಲಿ ಪ್ರಕಟಿಸಿದ. ಬಣ್ಣಗಳು ಬೇರ್ಪಡುವುದೇಕೆಂದು ಆಮೇಲೆ ವಿವರಿಸಿದವನು ನ್ಯೂಟನ್.

ಈಗ ಬೀಳುತ್ತಿರುವ ಒಂದೇ ಹನಿಯನ್ನು ಗಮನಿಸೋಣ. ಅದು ನಿಮ್ಮ ತಲೆಯ ನೆರಳಿನಿಂದ 42 ಡಿಗ್ರಿ ಎತ್ತರದ ಗೆರೆ ದಾಟುವಾಗ ಅದರ ಕೆಂಪು ಮಾತ್ರ ನಿಮ್ಮ ಕಣ್ಣು ಸೇರುತ್ತದೆ. ಅದರ ನೇರಳೆ ನಿಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಇನ್ನಷ್ಟು ಕೆಳಗಿಳಿದಾಗ ಅದೇ ಹನಿ ಹಳದಿ, ಬಳಿಕ ಹಸಿರು, ಕೊನೆಗೆ ನೇರಳೆಯನ್ನು ನಿಮಗೆ ಕಳಿಸುತ್ತದೆ. ಅಷ್ಟರಲ್ಲಿ ಅದು ಬಿಟ್ಟ ಜಾಗಕ್ಕೆ ಮೇಲಿನಿಂದ ಇನ್ನೊಂದು ಹನಿ ಬಂದಿರುತ್ತದೆ. ಹನಿಗಳೆಲ್ಲ ಬೀಳುತ್ತಲೇ ಇದ್ದರೂ ಬಿಲ್ಲು ಮಾತ್ರ ನಿಂತಲ್ಲೇ ನಿಂತಿರುವುದು ಇದರಿಂದ.

ಹಾಗಾಗಿ ನಿಮ್ಮ ಪಕ್ಕದಲ್ಲಿ ನಿಂತವರು ಕಾಣುವ ಬಿಲ್ಲು ಬೇರೆ ಹನಿಗಳದ್ದು. ನೀವು ಸರಿದರೆ ನಿಮ್ಮ ಬಿಲ್ಲೂ ಸರಿಯುತ್ತದೆ. ಅದರ ಬುಡವನ್ನು ಯಾರೂ ಮುಟ್ಟಲಾರರು. ಸೂರ್ಯ 42 ಡಿಗ್ರಿಗಿಂತ ಮೇಲೇರಿದಾಗ ಬಿಲ್ಲು ಪೂರ್ತಿ ದಿಗಂತದ ಕೆಳಗೆ ಸರಿಯುತ್ತದೆ. ನಡುಮಧ್ಯಾಹ್ನ ನಮ್ಮ ಆಕಾಶದಲ್ಲಿ ಅದು ಕಾಣದಿರುವುದು ಇದಕ್ಕೇ. ಕೆಲವೊಮ್ಮೆ ಮೇಲೆ ಇನ್ನೊಂದು ಮಸುಕು ಬಿಲ್ಲು ಕಾಣುತ್ತದೆ. ಅದು ಹನಿಯೊಳಗೆ ಎರಡು ಸಲ ಪ್ರತಿಫಲಿಸಿದ ಬೆಳಕು. ಅದರಲ್ಲಿ ಬಣ್ಣಗಳ ಸಾಲು ತಿರುವುಮುರುವು, ಕೆಂಪು ಒಳಗೆ, ನೇರಳೆ ಹೊರಗೆ.

ಇದನ್ನು ಪರೀಕ್ಷಿಸಲು ಮಳೆಗಾಲವೇ ಬೇಕಿಲ್ಲ. ಎಳೆಬಿಸಿಲಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸಿ. ಮನೆಯ ಮಕ್ಕಳನ್ನೂ ಕರೆಯಿರಿ, ಅವರ ಕೈಯಲ್ಲೇ ಗೇಣು ಹಾಕಿಸಿ. ಅಂಗಳದ ಬಿಲ್ಲೂ ಎರಡೇ ಗೇಣು.