ಬೆವರಿಗೆ ನಾಚಿಕೆಯೇಕೆ? ಸೆಕೆ ತಾಳದವರ ಸಂಕಟಕ್ಕೂ ಮದ್ದಿದೆ

ಮುಂಬಯಿಯ ಕನ್ನಡ ಸಂಘಗಳ ಯಾವುದೇ ಸಮಾರಂಭಕ್ಕೆ ಹೋದರೂ ಫ್ಯಾನಿನ ಕೆಳಗಿನ ಕುರ್ಚಿಯನ್ನೇ ಹುಡುಕಿ ಕುಳಿತುಕೊಳ್ಳುವ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಕೈಯಲ್ಲಿ ಒದ್ದೆ ಕರವಸ್ತ್ರ, ಬೆನ್ನಿಗೆ ಅಂಟಿಕೊಂಡ ಅಂಗಿ. ಸನ್ಮಾನಕ್ಕೆಂದು ವೇದಿಕೆಗೆ ಕರೆದು ಶಾಲು ಹೊದಿಸಿದರಂತೂ ಅವರ ಪಾಡು ಕೇಳುವುದೇ ಬೇಡ. ಪಕ್ಕದವರು ಸೆರಗು ಹೊದ್ದುಕೊಂಡು 'ಎಸಿ ಸ್ವಲ್ಪ ಕಡಿಮೆ ಮಾಡಿ' ಎನ್ನುವಾಗ ಇವರು 'ಇನ್ನೂ ಸ್ವಲ್ಪ ತಂಪಾಗಬಾರದೇ' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುತ್ತಾರೆ. ನೋಡುವವರಿಗೆ ಇದು ತಮಾಷೆ, ಅನುಭವಿಸುವವರಿಗೆ ಮಾತ್ರ ದಿನನಿತ್ಯದ ಸಂಕಟ.

ಬೆವರೆಂಬ ತಂಪು ಯಂತ್ರ

ಬೆವರುವುದು ರೋಗವಲ್ಲ. ಮನುಷ್ಯನ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಳಗಿನ ಶಾಖ ಹೆಚ್ಚಿತೆಂದು ಮೆದುಳಿಗೆ ತಿಳಿದ ಕೂಡಲೇ ನರಗಳ ಮೂಲಕ ಈ ಗ್ರಂಥಿಗಳಿಗೆ ಆಜ್ಞೆ ಹೋಗುತ್ತದೆ. ಬೆವರು ಚರ್ಮದ ಮೇಲೆ ಬಂದು ಆರುವಾಗ ದೇಹದ ಶಾಖವನ್ನೂ ಒಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖ ಹೊರಟುಹೋಗುತ್ತದೆ.

ಇಲ್ಲಿ ಮುಖ್ಯವಾದುದು ಬೆವರು 'ಆರುವುದು'. ಸುರಿದು ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ತಂಪಿಲ್ಲ. ಮುಂಬಯಿ, ಚೆನ್ನೈ, ಮಂಗಳೂರಿನಂತಹ ಕಡಲತೀರದ ಊರುಗಳ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ದಿಲ್ಲಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದರೂ ಒಣ ಗಾಳಿಗೆ ಬೆವರು ಆರಿಬಿಡುತ್ತದೆ. ಮುಂಬಯಿಯಲ್ಲಿ 33 ಡಿಗ್ರಿಗೇ ಅಂಗಿ ಹಿಂಡುವಂತಾಗುವುದು ಇದೇ ಕಾರಣಕ್ಕೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆಯಲ್ಲಿ ಬೆಳೆದು ನೌಕರಿಗೆಂದು ಇಲ್ಲಿಗೆ ಬಂದವರು ಮೊದಲ ವರ್ಷ ಒದ್ದಾಡುವುದು ಸಹಜವೇ.

ಸಹಜ ಎಲ್ಲಿಯವರೆಗೆ?

ಆದರೆ ಕೆಲವರಿಗೆ ತಂಪಾದ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದರೂ ಅಂಗೈ, ಅಂಗಾಲು, ಕಂಕುಳು ಅಥವಾ ಮುಖದಿಂದ ಬೆವರು ತೊಟ್ಟಿಕ್ಕುತ್ತದೆ. ವೈದ್ಯರು ಇದನ್ನು ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಬಾಲ್ಯದಲ್ಲೋ ಹದಿಹರೆಯದಲ್ಲೋ ಆರಂಭವಾಗುತ್ತದೆ, ಎರಡೂ ಕೈಗಳಲ್ಲಿ ಸಮನಾಗಿ ಬರುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ. ಎಷ್ಟೋ ಕುಟುಂಬಗಳಲ್ಲಿ ತಂದೆಗೋ ತಾಯಿಗೋ ಇದ್ದದ್ದು ಮಕ್ಕಳಿಗೂ ಬಂದಿರುತ್ತದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿ 100ರಲ್ಲಿ ಸುಮಾರು ಮೂವರಿಗೆ ಈ ತೊಂದರೆ ಇತ್ತು. ಅಂದರೆ ಇದು ಅಪರೂಪದ್ದೇನೂ ಅಲ್ಲ. ಹೇಳಿಕೊಳ್ಳುವವರು ಮಾತ್ರ ಅಪರೂಪ.

ಹೇಳಿಕೊಳ್ಳದಿದ್ದರೂ ನಷ್ಟವಂತೂ ತಪ್ಪದು. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಒದ್ದೆಯಾಗಿ ಶಾಯಿ ಹರಡುವ ವಿದ್ಯಾರ್ಥಿ, ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕಿನ ಮೇಲೆ ಕೈಯೊತ್ತಲು ಹೆದರುವ ಗುಮಾಸ್ತ, ಬೆರಳಚ್ಚಿನ ಯಂತ್ರ ತನ್ನನ್ನು ಗುರುತಿಸದೆ ಪಡಿತರದ ಸಾಲಿನಲ್ಲಿ ಮತ್ತೆ ಮತ್ತೆ ಬೆರಳೊರೆಸಿಕೊಳ್ಳುವ ಗೃಹಿಣಿ, ಮದ್ದಳೆಯ ಮೇಲೆ ಕೈ ಜಾರುವ ಕಲಾವಿದ, ಸಂದರ್ಶನದಲ್ಲಿ ಕೈಕುಲುಕಲು ಹಿಂಜರಿಯುವ ಯುವಕ ಇವರೆಲ್ಲರೂ ಒಂದೇ ಸಾಲಿನವರು. ವರನ ಕಡೆಯವರು ಬಂದಾಗ ಕಾಫಿ ತಟ್ಟೆ ಹಿಡಿದ ಹುಡುಗಿಯ ಕೈ ಬೆವರಿದರೆ 'ಪಾಪ, ಹೆದರಿಕೊಂಡಿದ್ದಾಳೆ' ಎಂದು ನಗುವುದುಂಟು. ಹೆದರಿಕೆಯಿಂದ ಬೆವರು ಹೆಚ್ಚುವುದು ನಿಜ, ಆದರೆ ಬೆವರೀತೆಂಬ ಹೆದರಿಕೆಯೇ ಮತ್ತಷ್ಟು ಬೆವರಿಸುತ್ತದೆ ಎಂಬುದು ನಗುವವರಿಗೆ ಗೊತ್ತಿರುವುದಿಲ್ಲ. ಇದು ಅಂಜುಬುರುಕತನವೂ ಅಲ್ಲ, ಕೊಳಕೂ ಅಲ್ಲ. ಅಸಲಿಗೆ ಹೊಸ ಬೆವರಿಗೆ ವಾಸನೆಯೇ ಇಲ್ಲ. ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದರೊಡನೆ ಸೇರಿದಾಗಲೇ ವಾಸನೆ ಹುಟ್ಟುವುದು.

ಒಳಗಿನ ಕಾಯಿಲೆಯ ಸೂಚನೆ

ಚಿಕ್ಕಂದಿನಿಂದ ಇರುವ ಬೆವರು ಒಂದು ಬಗೆಯಾದರೆ, ನಲವತ್ತು ಐವತ್ತರ ವಯಸ್ಸಿನಲ್ಲಿ ಹೊಸದಾಗಿ ಮೈಯೆಲ್ಲ ಬೆವರಲು ಆರಂಭವಾಗುವುದು ಇನ್ನೊಂದು ಬಗೆ. ಇದನ್ನು ಅಲಕ್ಷಿಸುವಂತಿಲ್ಲ. ಎಲ್ಲರೂ ಹೊದ್ದು ಮಲಗಿರುವಾಗ ಒಬ್ಬರಿಗೆ ಮಾತ್ರ ಸೆಕೆ, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಡವಡವ, ಕೈನಡುಕ ಇದ್ದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಇದಕ್ಕೆ ಔಷಧವೂ ಇದೆ. ಮುಟ್ಟು ನಿಲ್ಲುವ ಕಾಲದ ಮಹಿಳೆಯರಿಗೆ ಇದ್ದಕ್ಕಿದ್ದಂತೆ ಮುಖ, ಎದೆ ಬಿಸಿಯೇರಿ ಬೆವರು ಕಿತ್ತುಬರುತ್ತದೆ. ನಡುರಾತ್ರಿ ಎದ್ದು ಕಿಟಕಿ ತೆರೆಯುವ ತಾಯಿಯನ್ನು ಮನೆಯವರು ಗದರಿಸುವ ಬದಲು ಅರ್ಥಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬೆವರು ಹೆಚ್ಚುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಹೋಟೆಲುಗಳಲ್ಲಿ ದುಡಿಯುವವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಹಗಲಿಡೀ ದೋಸೆ ಕಾವಲಿಯ ಮುಂದೆ ಬೆವರುವುದು ಸಹಜ. ಆದರೆ ರಾತ್ರಿ ಮಲಗಿದಾಗ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸಂಜೆ ಸಣ್ಣ ಜ್ವರ, ಎರಡು ವಾರ ಬಿಡದ ಕೆಮ್ಮು, ತೂಕ ಇಳಿಕೆ ಇದ್ದರೆ ಅದು ಸೆಕೆಯಲ್ಲ, ಕ್ಷಯವಿರಬಹುದು. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುವ ಕಡೆ ಒಬ್ಬರ ಅಲಕ್ಷ್ಯ ಎಲ್ಲರಿಗೂ ಅಪಾಯ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ.

ತಣ್ಣನೆಯ ಬೆವರಿನೊಂದಿಗೆ ಎದೆ ಬಿಗಿತ, ತೋಳು ಅಥವಾ ದವಡೆ ನೋವು, ಉಸಿರುಗಟ್ಟುವಿಕೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಹಠಾತ್ತನೆ ಬೆವರಿ ನಡುಗಿದರೆ ರಕ್ತದ ಸಕ್ಕರೆ ಇಳಿದಿರುವ ಸಾಧ್ಯತೆ ಹೆಚ್ಚು. ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸಬೇಕು.

ಚಿಕಿತ್ಸೆ ಯಾವುದು, ಬೆಲೆ ಯಾವುದು?

ಬಹಳ ಜನರಿಗೆ ಇದಕ್ಕೊಂದು ಮದ್ದಿದೆ ಎಂಬುದೇ ತಿಳಿದಿಲ್ಲ. ಮುಂಬಯಿಯ ಕೆಇಎಂ, ಸಯನ್, ನಾಯರ್‌ನಂತಹ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೊದಲ ಹೆಜ್ಜೆಯಾಗಿ ಅಲ್ಯೂಮಿನಿಯಂ ಕ್ಲೋರೈಡ್ ಇರುವ ದ್ರಾವಣವನ್ನು ಬರೆದುಕೊಡುವುದುಂಟು. ಇದನ್ನು ರಾತ್ರಿ ಒಣ ಚರ್ಮಕ್ಕೆ ಹಚ್ಚಿ ಬೆಳಗ್ಗೆ ತೊಳೆಯಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ. ಅಂಗೈ, ಅಂಗಾಲಿನ ಬೆವರಿಗೆ ನೀರಿನ ತಟ್ಟೆಯಲ್ಲಿ ಕೈಕಾಲಿಟ್ಟು ಅತಿ ಸಣ್ಣ ವಿದ್ಯುತ್ ಹರಿಸುವ ಅಯಾಂಟೋಫೊರೆಸಿಸ್ ಎಂಬ ವಿಧಾನವಿದೆ. ವೈದ್ಯರ ಮಾರ್ಗದರ್ಶನದಲ್ಲೇ ನಡೆಯಬೇಕಾದ ಇದು ಗರ್ಭಿಣಿಯರಿಗೂ ಪೇಸ್‌ಮೇಕರ್ ಇರುವವರಿಗೂ ಸಲ್ಲದು. ಕಂಕುಳ ಬೆವರಿಗೆ ಬೊಟಾಕ್ಸ್ ಚುಚ್ಚುಮದ್ದು ಬಳಸಲು ಅಮೆರಿಕದಲ್ಲಿ 2004ರಲ್ಲೇ ಮಾನ್ಯತೆ ಸಿಕ್ಕಿದೆ. ಆದರೆ ಅದು ದುಬಾರಿ, ಕೆಲವು ತಿಂಗಳಿಗೊಮ್ಮೆ ಮತ್ತೆ ಬೇಕು.

ಮಾತ್ರೆಗಳೂ ಇವೆ. ಅವುಗಳಿಂದ ಬಾಯಿ ಒಣಗುವುದು, ಮಲಬದ್ಧತೆ ಬರಬಹುದು. ಗ್ಲಾಕೋಮಾ ಇರುವವರು, ಪ್ರೊಸ್ಟೇಟ್ ತೊಂದರೆಯ ಹಿರಿಯರು ಅದನ್ನು ವೈದ್ಯರಿಗೆ ಮುಂಚಿತವಾಗಿ ಹೇಳಲೇಬೇಕು. ಕೊನೆಯದು ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆ. ಕೈ ಒಣಗುತ್ತದೆ ನಿಜ, ಆದರೆ ಎಷ್ಟೋ ಮಂದಿಗೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಬೆವರು ಹೊಸದಾಗಿ ಹೆಚ್ಚುತ್ತದೆ. ಆದ್ದರಿಂದ ಜಾಹೀರಾತು ನೋಡಿ ಅವಸರ ಮಾಡದೆ ಎರಡು ಬಾರಿ ಯೋಚಿಸುವುದು ಒಳಿತು.

ಮನೆಯಲ್ಲಿ ಸಮಾಧಾನ

ಹತ್ತಿಯ ಸಡಿಲ ಬಟ್ಟೆ, ಬ್ಯಾಗಿನಲ್ಲೊಂದು ಹೆಚ್ಚಿನ ಅಂಗಿ, ದಿನವೂ ಬದಲಿಸುವ ಕಾಲುಚೀಲ ಇವು ಖರ್ಚಿಲ್ಲದ ಉಪಾಯಗಳು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಊರಿನಿಂದ ತಂದ ಪುನರ್ಪುಳಿಯ ಪಾನಕ, ಎಳನೀರು ಬೆವರನ್ನು ನಿಲ್ಲಿಸವು, ಕಳೆದ ನೀರನ್ನು ತುಂಬಿಕೊಡುತ್ತವೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು, ಎಳನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಎಸಿಯ ಜಗಳ ಮಾತ್ರ ಮನೆಮನೆಯದ್ದು. 2020ರ ಜನವರಿ 1ರಿಂದ ದೇಶದಲ್ಲಿ ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. 18ಕ್ಕೆ ಇಳಿಸುವ ಬದಲು 24ರಲ್ಲಿಟ್ಟು ಫ್ಯಾನನ್ನೂ ಹಾಕಿದರೆ ಬೆವರು ಬೇಗ ಆರುತ್ತದೆ, ವಿದ್ಯುತ್ ಬಿಲ್ಲೂ ಉಳಿಯುತ್ತದೆ. ಸೆಕೆಯವರು ಫ್ಯಾನಿನ ಕಡೆ, ಚಳಿಯವರು ಗೋಡೆಯ ಕಡೆ ಮಲಗಿದರೆ ಸಂಸಾರವೂ ಉಳಿಯುತ್ತದೆ! 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಎಸಿ ಲೋಕಲ್ ಆರಂಭವಾದಾಗ ಟಿಕೆಟ್ ದುಬಾರಿಯೆಂದು ಮೂಗು ಮುರಿದವರು ಹಲವರು. ಆಫೀಸು ತಲಪುವ ಮೊದಲೇ ಒದ್ದೆಯಾಗುವವರಿಗೆ ಅದು ಐಷಾರಾಮವಲ್ಲ, ಅಗತ್ಯ.

ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವಾಗ 'ಅತಿಯಾಗಿ ಬೆವರುತ್ತೀರಾ? ರಾತ್ರಿಯೂ ಬೆವರುತ್ತೀರಾ?' ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದರೆ ಖರ್ಚೇನೂ ಇಲ್ಲ. ಯಾರದೋ ಥೈರಾಯ್ಡ್, ಯಾರದೋ ಕ್ಷಯ ಬೇಗ ಪತ್ತೆಯಾದೀತು. ಬೆವರು ಸುರಿಸಿಯೇ ಈ ಪರವೂರಿನಲ್ಲಿ ನೆಲೆ ಕಂಡುಕೊಂಡ ಸಮಾಜಕ್ಕೆ ಬೆವರಿನ ಬಗ್ಗೆ ಬಾಯಿಬಿಟ್ಟು ಮಾತಾಡಲು ಸಂಕೋಚವೇಕೆ?