ಮಂದೆಯ ನಾಯಿ, ಮನೆಯ ನಾಯಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಬಯಲುಸೀಮೆಯಲ್ಲಿ ಸಂಚರಿಸಿದವರಿಗೆ ಕುರಿಮಂದೆಯೂ ಅದರ ಪಕ್ಕದಲ್ಲಿ ನಡೆಯುವ ನಾಯಿಯೂ ಹೊಸ ನೋಟವಲ್ಲ. ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಕುರಿಯಾದರೋ ಬೆದರಿ ಓಡುವ ಪ್ರಾಣಿ. ಆದರೂ ಒಳ್ಳೆಯ ಮಂದೆನಾಯಿ ತೋಳಕ್ಕೆ ಎದುರು ನಿಲ್ಲುವುದೇ ಹೊರತು ಕುರಿಮರಿಯನ್ನು ಅಟ್ಟದು. ಕುರುಬನು ಅದಕ್ಕೆ ಪಾಠಶಾಲೆಯನ್ನೇನೂ ತೆರೆದಿಲ್ಲ. ಮರಿಯಾಗಿದ್ದಾಗಲೇ ಅದು ಕುರಿಗಳ ನಡುವೆ ಮಲಗಿ ಎದ್ದು, ಅವುಗಳನ್ನು ತನ್ನ ಬಳಗವೆಂದು ಎಣಿಸಿತು.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥವೂ ಇದನ್ನೇ ಸಮರ್ಥಿಸುತ್ತದೆ. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿಯು ಯಾರೊಡನೆ ಬೆರೆಯುವುದೋ ಅವರನ್ನು ಸುಲಭವಾಗಿ ತನ್ನವರೆಂದು ಒಪ್ಪುತ್ತದೆ. ಪಟ್ಟಣದ ಮನೆಗೆ ಮರಿ ಬರುವುದು ಬಹುಮಟ್ಟಿಗೆ 8ನೆಯ ವಾರಕ್ಕೆ. ಉಳಿದದ್ದು ಒಂದೇ ತಿಂಗಳು. ಚುಚ್ಚುಮದ್ದುಗಳು ಮುಗಿಯಲೆಂದು ಅಷ್ಟು ದಿನವೂ ಕೋಣೆಯಲ್ಲಿ ಕೂಡಿಟ್ಟರೆ ಆ ಕಾಲವೇ ಕಳೆದುಹೋಗುವುದು. ಬೀದಿಯ ನೆಲಕ್ಕೆ ಬಿಡಬಾರದೆಂಬುದು ನಿಜ. ತೋಳಿನಲ್ಲಿ ಎತ್ತಿಕೊಂಡು ಹೋಗಿ ಸೈಕಲ್ಲು, ಮಕ್ಕಳ ಆಟ, ಸಂತೆಯ ಗದ್ದಲ ಇವನ್ನೆಲ್ಲ ತೋರಿಸುವುದಕ್ಕೆ ಅಡ್ಡಿಯೇನು?

ಆರು ತಿಂಗಳು ತುಂಬುವ ಹೊತ್ತಿಗೆ ಹುರುಪು ಮಿತಿಮೀರುತ್ತದೆ. ಅತಿಥಿಗಳ ಪಂಚೆಯ ಮೇಲೆ ಹಾರುವುದು ಈ ವಯಸ್ಸಿನಲ್ಲೇ. ನಾವು ಕೂಗುತ್ತೇವೆ, ಕೈಯಿಂದ ನೂಕುತ್ತೇವೆ; ಮರಿಗೆ ಅದೂ ಆಟವೇ. ಅದರ ಬದಲು ಮಾತಿಲ್ಲದೆ ಬೆನ್ನು ತಿರುಗಿಸಿ ನಿಂತು, ನಾಲ್ಕು ಕಾಲೂ ನೆಲ ಮುಟ್ಟಿದ ಕ್ಷಣದಲ್ಲೇ ತಲೆ ಸವರಿ ರೊಟ್ಟಿಯ ಚೂರೊಂದನ್ನು ಕೊಡತಕ್ಕದ್ದು. ತಡವಾದರೆ ಯಾವುದಕ್ಕಾಗಿ ರೊಟ್ಟಿ ದೊರೆಯಿತೆಂಬುದು ಅದಕ್ಕೆ ತಿಳಿಯದು. ಮನೆಯವರೆಲ್ಲ ಹೀಗೆಯೇ ನಡೆಯಬೇಕು. ತಾತನೊಬ್ಬರು ಮುದ್ದಿನಿಂದ ಮೈಮೇಲೆ ಹತ್ತಿಸಿಕೊಂಡರೆ ಶ್ರಮವೆಲ್ಲ ವ್ಯರ್ಥ. ಮುಧೋಳದ ಬೇಟೆನಾಯಿಯಂಥ ಓಡುವ ತಳಿಯನ್ನು ಹಗಲೆಲ್ಲ ಸರಪಳಿಯಲ್ಲಿ ಬಿಗಿದು, ಸಂಜೆ ಅದರಿಂದ ಸೌಮ್ಯತೆಯನ್ನು ನಿರೀಕ್ಷಿಸುವುದಂತೂ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇಂಗ್ಲಿಷಿನಲ್ಲಿ ಅಪ್ಪಣೆ ಮಾಡಿದರೇ ನಾಯಿಗೆ ಅರ್ಥವಾಗುವುದೆಂಬ ನಂಬಿಕೆ ನಗರಗಳಲ್ಲುಂಟು. ‘ಬಾ’ ಎಂಬ ಒಂದಕ್ಷರಕ್ಕಿಂತ ಅನುಕೂಲವಾದ ಮಾತು ಬೇರೆ ಯಾವುದು? ಕರೆದಾಗ ಬರುವ ಅಭ್ಯಾಸವೇ ಎಲ್ಲಕ್ಕಿಂತ ಮುಖ್ಯವಾದುದು. ರಸ್ತೆಯಲ್ಲಿ ಅದರ ಪ್ರಾಣವನ್ನು ಉಳಿಸುವುದು ಅದೇ. ತಡವಾಗಿ ಬಂದಿತೆಂದು ಹೊಡೆದರೆ, ಬಂದದ್ದಕ್ಕೇ ಹೊಡೆತ ಬಿದ್ದಿತೆಂದು ನಾಯಿ ತಿಳಿಯುತ್ತದೆ. ಮನೆಗೆ ಹೊರಡುವಾಗ ಮಾತ್ರ ಕರೆಯುವ ಯಜಮಾನನ ದನಿಗೆ ಅದು ಕಿವುಡಾಗುವುದೂ ಸಹಜ. ಆದುದರಿಂದ ಮೊದಮೊದಲು ಉದ್ದನೆಯ ಹಗ್ಗ ಕಟ್ಟಿ, ನಾಲ್ಕಾರು ಮಾರು ದೂರದಿಂದ ಕರೆದು, ಬಂದಾಗಲೆಲ್ಲ ತಿನಿಸು ಕೊಟ್ಟು, ಮತ್ತೆ ಆಟಕ್ಕೇ ಬಿಡುತ್ತಿರಬೇಕು.