ತೋರಿಸದ ದೆವ್ವಕ್ಕೇ ಭಯ ಹೆಚ್ಚು

ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾವು ಐವರು ಹತ್ತು ನಿಮಿಷದ ಥ್ರಿಲ್ಲರ್ ಮಾಡಬೇಕಿತ್ತು. ಇಂಟರ್ನಲ್ಸ್ ಅಂಕವೆಲ್ಲ ಅದರ ಮೇಲೆಯೇ. ಕೈಯಲ್ಲಿದ್ದದ್ದು ಒಂದು ಮೊಬೈಲ್. ದೆವ್ವದ ಮೇಕಪ್ಪಿಗೂ ದುಡ್ಡಿಲ್ಲ. ಸರಿ, ರಾತ್ರಿಯೆಲ್ಲ ಹಾರರ್ ಸಿನಿಮಾ ನೋಡಿದೆವು. ಹೆದರಲಿಕ್ಕಲ್ಲ, ಪಟ್ಟು ಕಲಿಯಲಿಕ್ಕೆ!

1975ರ ‘ಜಾಸ್’ ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತಂತೆ. ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಮರೆಯಲ್ಲಿಟ್ಟು, ನೀರು ಮತ್ತು ಸಂಗೀತದಿಂದಲೇ ಬೆವರಿಳಿಸಿದರು. ಹಿಚ್‌ಕಾಕ್‌ರ ‘ಸೈಕೋ’ (1960) ಸ್ನಾನದ ದೃಶ್ಯದಲ್ಲೂ ಚಾಕುವಿಗಿಂತ ಎಡಿಟಿಂಗ್ ಮತ್ತು ಪಿಟೀಲೇ ಹೆಚ್ಚು ಇರಿಯುತ್ತವೆ.

ನಾವೂ ದೆವ್ವವನ್ನು ಕೈಬಿಟ್ಟೆವು. ಹಾಸ್ಟೆಲ್ ಕಾರಿಡಾರ್, ತೊಟ್ಟಿಕ್ಕುವ ನಲ್ಲಿ, ಮುಚ್ಚಿದ ಬಾಗಿಲ ಹಿಂದೆ ಪರಚುವ ಸದ್ದು. (ಅದು ಸ್ಟೀಲ್ ತಟ್ಟೆಗೆ ಉಜ್ಜಿದ ತೆಂಗಿನ ಚಿಪ್ಪು!) ಪ್ರದರ್ಶನದ ದಿನ ಹಿಂದಿನ ಬೆಂಚೂ ಸುಮ್ಮನಾಯಿತು. ನಾಯಕಿ ಚಿಲಕಕ್ಕೆ ಕೈಯಿಟ್ಟಳು. ಯಾರೋ ಚಿಟ್ಟನೆ ಚೀರಿದರು. ಬಾಗಿಲು ತೆರೆಯುವ ಶಾಟನ್ನು ನಾವು ತೆಗೆದೇ ಇರಲಿಲ್ಲ.